ಮನೆತನದಲ್ಲಿ ಕಿಡ್ನಿ ಕ್ಯಾನ್ಸರ್: ವಂಶವಾಹಿ ಪರೀಕ್ಷೆಯನ್ನು ಯಾರಿಂದ ಆರಂಭಿಸಬೇಕು?

ಪ್ರಶ್ನೆ (ನಾಪೋಕ್ಲುವಿನ ಬೆಳೆಗಾರ):
ನಮ್ಮ ತಂದೆಯವರು 44ನೆಯ ವಯಸ್ಸಿನಲ್ಲಿ ಕಿಡ್ನಿ ಕ್ಯಾನ್ಸರಿನಿಂದ ತೀರಿಕೊಂಡರು. ಈಗ 39 ವರ್ಷದ ನನ್ನ ಅಣ್ಣನ ಎರಡೂ ಕಿಡ್ನಿಗಳಲ್ಲಿ ಗಡ್ಡೆಗಳು ಕಂಡುಬಂದಿವೆ. ಮೈಸೂರಿನ ವೈದ್ಯರು ವಂಶವಾಹಿ ಪರೀಕ್ಷೆ ಸೂಚಿಸಿ, ಮನೆತನದ ವಿವರ ಬರೆದು ತರಲು ಹೇಳಿದ್ದಾರೆ. ನಮ್ಮ ಐನ್‌ಮನೆಯಲ್ಲಿರುವ (ಕೊಡವ ಮನೆತನದ ಮೂಲ ಮನೆ) ಒಕ್ಕದ (ಮನೆತನದ) ವಂಶಾವಳಿಯಲ್ಲಿ ಗಂಡುಮಕ್ಕಳ ಕವಲುಗಳು ಮಾತ್ರ ಇವೆ, ಅಷ್ಟು ಸಾಕೇ? ನಾನೂ ನನ್ನ ಮಗಳೂ ಈಗಲೇ ಪರೀಕ್ಷೆ ಮಾಡಿಸಿಕೊಳ್ಳಬೇಕೇ? ಬೇರೆ ಯಾರಿಗೂ ಕ್ಯಾನ್ಸರ್ ಇಲ್ಲ. ವಿರಾಜಪೇಟೆಗೆ ಕೊಟ್ಟ ಸೋದರತ್ತೆಗೆ ಮೂವತ್ತರ ಹೊತ್ತಿಗೆ ಒಂದು ಕಣ್ಣಿನ ದೃಷ್ಟಿ ಹೋಗಿತ್ತು, ಅಷ್ಟೇ.

ಉತ್ತರ (ಮಡಿಕೇರಿಯ ವೈದ್ಯ):
ಸೋದರತ್ತೆಯವರ ಕಣ್ಣಿನ ವಿಷಯವನ್ನು ದಯವಿಟ್ಟು ಮೊದಲ ಸಾಲಿನಲ್ಲೇ ಬರೆಯಿರಿ. 1993ರಲ್ಲಿ ಗುರುತಿಸಲಾದ ವಿಎಚ್‌ಎಲ್ ಎಂಬ ವಂಶವಾಹಿಯಲ್ಲಿ ದೋಷವಿದ್ದರೆ ಕಿಡ್ನಿಯಲ್ಲಿ ಮಾತ್ರವಲ್ಲದೆ ಕಣ್ಣಿನ ಅಕ್ಷಿಪಟಲ, ಕಿರುಮೆದುಳು ಮತ್ತು ಅಡ್ರಿನಲ್ ಗ್ರಂಥಿಗಳಲ್ಲಿಯೂ ಗಡ್ಡೆಗಳು ಬೆಳೆಯಬಹುದು. ಕಣ್ಣಿಗೆ ಬೇರೆ ಕಾರಣವೂ ಇದ್ದೀತು. ಆದರೂ ಎಳೆಯ ವಯಸ್ಸು, ಎರಡೂ ಕಿಡ್ನಿ, ತಂದೆಗೂ ಅದೇ ರೋಗ ಎಂಬ ಮೂರರ ಜೊತೆ ಅದನ್ನು ಸೇರಿಸಿ ನೋಡಲೇಬೇಕು. ಈ ದೋಷ ತಂದೆಯಿಂದಲೂ ತಾಯಿಯಿಂದಲೂ, ಗಂಡಿಗೂ ಹೆಣ್ಣಿಗೂ, ಪ್ರತಿ ಮಗುವಿಗೆ ಶೇಕಡ 50ರ ಸಂಭವದಲ್ಲಿ ಬರುತ್ತದೆ. ಆದ್ದರಿಂದ ಮದುವೆಯಾಗಿ ಬೇರೆ ಒಕ್ಕ ಸೇರಿದ ಹೆಣ್ಣುಮಕ್ಕಳನ್ನೂ ಅವರ ಮಕ್ಕಳನ್ನೂ ಬಿಟ್ಟ ವಂಶಾವಳಿ ಇಲ್ಲಿ ಸಾಲದು.

ಪರೀಕ್ಷೆ ರೋಗವಿರುವ ಅಣ್ಣನಿಂದಲೇ ಆರಂಭವಾಗಲಿ. ಅವರಲ್ಲಿ ದೋಷ ಯಾವುದೆಂದು ತಿಳಿದ ಮೇಲೆ ನಿಮ್ಮ ರಕ್ತದಲ್ಲಿ ಅದೊಂದನ್ನೇ ಹುಡುಕಬಹುದು. ನಿಮಗದು ಇಲ್ಲವೆಂದಾದರೆ ನಿಮ್ಮ ಮಗಳಿಗೆ ಪರೀಕ್ಷೆಯೇ ಬೇಕಾಗುವುದಿಲ್ಲ. ಇದ್ದರೆ ಮಾತ್ರ ಮಗಳು ದೊಡ್ಡವಳಾಗಲೆಂದು ಕಾಯಬೇಡಿ, ಏಕೆಂದರೆ ಈ ರೋಗದಲ್ಲಿ ಕಣ್ಣಿನ ತಪಾಸಣೆ ಬಾಲ್ಯದಲ್ಲೇ ಆರಂಭವಾಗಬೇಕು.

ಉತ್ತರ (ಸೋಮವಾರಪೇಟೆಯ ಶಿಕ್ಷಕಿ):
ನಮ್ಮ ಮನೆಯಲ್ಲಿ ದೋಷವಿದ್ದದ್ದು ಎಫ್‌ಎಚ್ ಎಂಬ ಬೇರೆ ವಂಶವಾಹಿಯಲ್ಲಿ. ನನ್ನ ತಾಯಿಗೂ ಚಿಕ್ಕಮ್ಮನಿಗೂ ಎಳೆಯ ವಯಸ್ಸಿನಲ್ಲೇ ಗರ್ಭಕೋಶದ ಗಡ್ಡೆಗಳಿದ್ದವು, ಅದನ್ನು ಮಾಮನ ಕಿಡ್ನಿಯೊಂದಿಗೆ ಯಾರೂ ಜೋಡಿಸಿ ನೋಡಿರಲಿಲ್ಲ. ವಂಶವಾಹಿ ಯಾವುದೆಂದು ತಿಳಿಯದೆ ಶಸ್ತ್ರಚಿಕಿತ್ಸೆಯ ತೀರ್ಮಾನಕ್ಕೆ ಅವಸರಪಡಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ: ವಿಎಚ್‌ಎಲ್‌ನಲ್ಲಿ ಗಡ್ಡೆ ಸುಮಾರು 3 ಸೆಂಟಿಮೀಟರ್ ತಲುಪುವವರೆಗೆ ಸ್ಕ್ಯಾನ್ ಮಾಡುತ್ತಾ ಕಾದು, ಕಿಡ್ನಿಯನ್ನು ಉಳಿಸಿಕೊಂಡು ಗಡ್ಡೆಯನ್ನಷ್ಟೇ ತೆಗೆಯುವ ಪದ್ಧತಿಯಿದೆ, ಎಫ್‌ಎಚ್‌ನಲ್ಲಿ ಚಿಕ್ಕ ಗಡ್ಡೆಗೂ ಹಾಗೆ ಕಾಯುವಂತಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ವಿರಾಜಪೇಟೆಗೆ ಹೋಗಿ ಅತ್ತೆಯವರ ಹಳೆಯ ಕಣ್ಣಿನ ಚೀಟಿಗಳನ್ನು ತಂದಿದ್ದೇನೆ. ಕಾಫಿ ಕೊಯ್ಲು ಮುಗಿದ ಮೇಲೆ ಹೋಗೋಣವೆಂದಿದ್ದ ಅಣ್ಣ ಈ ಸೋಮವಾರವೇ ರಕ್ತ ಕೊಡಲು ಒಪ್ಪಿದ್ದಾರೆ, ಅತ್ತೆಯ ಇಬ್ಬರು ಮಕ್ಕಳೂ ನಮ್ಮೊಂದಿಗೆ ಬರುತ್ತಿದ್ದಾರೆ.