ಗೇಮ್ ಅಪ್‌ಡೇಟ್ ಯಾಕಿಷ್ಟು ದಪ್ಪ, ಯಾಕಿಷ್ಟು ನಿಧಾನ? ಇವತ್ತು ರಾಘಣ್ಣನ್ನ ಕೇಳಿ

ಅಡ್ಮಿನ್: ವಾರದಿಂದ ಗ್ರೂಪಲ್ಲಿ ಒಂದೇ ರಾಗ. ಅಪ್‌ಡೇಟ್ ಯಾಕಿಷ್ಟು ದೊಡ್ಡದು, ಇಳಿದು ಮುಗಿದ ಮೇಲೂ ಯಾಕೆ ಕೂತೇ ಇರುತ್ತೆ ಅಂತ. ರಾಘಣ್ಣ ಗೇಮ್ ಸ್ಟುಡಿಯೊದಲ್ಲಿ ಹತ್ತು ವರ್ಷ ಬಿಲ್ಡ್ ಇಂಜಿನಿಯರ್ ಆಗಿದ್ದವರು, ಪ್ಯಾಚ್, ಅಂದ್ರೆ ಗೇಮಿನ ತಿದ್ದುಪಡಿ ಕಟ್ಟಿ ಕಳಿಸೋದೇ ಕೆಲಸವಾಗಿತ್ತು. ರಾತ್ರಿ 9ರಿಂದ 11ರವರೆಗೆ ಇರ್ತಾರೆ. ಮೇಲಿನ ಉತ್ತರ ಓದ್ಕೊಂಡು ಕೇಳಿ.

ಬೆಣ್ಣೆದೋಸೆ: ಅಣ್ಣ, ನಮಸ್ಕಾರ. ನಿನ್ನೆ ಸ್ಟೀಮಲ್ಲಿ, ಅದೇ ಗೇಮ್ ಕೊಂಡು ಇಳಿಸ್ಕೊಳ್ಳೋ ಆ್ಯಪಲ್ಲಿ, 600 ಎಂಬಿ ಅಪ್‌ಡೇಟ್ ಬಂತು. ಎರಡೇ ನಿಮಿಷಕ್ಕೆ ಇಳೀತು. ಆಮೇಲೆ 'ಪ್ಯಾಚಿಂಗ್' ಅಂತ ಮುಕ್ಕಾಲು ಗಂಟೆ. ನೆಟ್ ಸೊನ್ನೆ ತೋರಿಸ್ತಿತ್ತು. ಅಷ್ಟು ಹೊತ್ತು ಅದು ಏನು ಮಾಡುತ್ತೆ?

ರಾಘಣ್ಣ: ನಮಸ್ಕಾರ. ಮನೆ ಕಟ್ಟುತ್ತೆ. ಗೇಮಿನ ಚಿತ್ರ, ಸದ್ದು, ಮ್ಯಾಪ್ ಎಲ್ಲ ಒಂದೊಂದೇ ಫೈಲಾಗಿರಲ್ಲ, ದೊಡ್ಡ ಮೂಟೆಗಳಲ್ಲಿ ಕಟ್ಟಿಟ್ಟಿರ್ತೀವಿ. ಒಂದು ಮೂಟೆ 40 ಜಿಬಿ ಇರಬಹುದು. ಸ್ಟೀಮ್ ಆ ಮೂಟೆಯನ್ನ ಹೆಚ್ಚುಕಮ್ಮಿ 1 ಎಂಬಿಯ ತುಂಡುಗಳಾಗಿ ನೋಡುತ್ತೆ, ಬದಲಾದ ತುಂಡುಗಳನ್ನಷ್ಟೇ ಇಳಿಸುತ್ತೆ. ಅದು ನಿಮ್ಮ 600 ಎಂಬಿ. ಆದರೆ ಹಳೇ ಮೂಟೆಗೆ ಕೈ ಹಾಕಲ್ಲ. ಒಂದು ಹೆಂಚು ಒಡೆದಿದ್ದಕ್ಕೆ ಪಕ್ಕದಲ್ಲೇ ಹೊಸ ಮನೆ ಎಬ್ಬಿಸಿ, ಒಳ್ಳೇ ಹೆಂಚನ್ನೆಲ್ಲ ಅಲ್ಲಿಗೆ ಸಾಗಿಸಿ, ಆಮೇಲೆ ಹಳೇದನ್ನ ಕೆಡವಿದ ಹಾಗೆ. 40 ಜಿಬಿ ಓದಬೇಕು, 40 ಜಿಬಿ ಬರೀಬೇಕು. ಹಾರ್ಡ್ ಡಿಸ್ಕ್ ಸೆಕೆಂಡಿಗೆ 100 ಎಂಬಿ ಅಂತ ಹಿಡಿದ್ರೂ ಕಾಲು ಗಂಟೆ ಹತ್ತಿರ. ಡಿಸ್ಕಿನೊಳಗೆ ಒಂದೇ ಮುಳ್ಳು ಓದೋದಕ್ಕೂ ಬರೆಯೋದಕ್ಕೂ ಆ ಕಡೆ ಈ ಕಡೆ ಓಡಾಡೋದರಿಂದ ನಿಜವಾಗಿ ಅದರ ಎರಡು ಮೂರು ಪಟ್ಟು.

ಯಾಕೆ ಹೀಗೆ ಅಂದ್ರೆ, ನಡುವೆ ಕರೆಂಟ್ ಹೋದರೂ ಹಳೇ ಮೂಟೆ ಹಾಗೇ ಇರುತ್ತೆ. 600 ಎಂಬಿ ಅಪ್‌ಡೇಟಿಗೆ 40 ಜಿಬಿ ಖಾಲಿ ಜಾಗ ಕೇಳೋದೂ ಇದಕ್ಕೇ.

ಕುಡ್ಲದ ಗೇಮರ್: ಸರ್, ನನ್ನದು 100 ಎಂಬಿಪಿಎಸ್ ಪ್ಲಾನ್ ಮಾರಾಯ್ರೆ, ಸ್ಟೀಮಲ್ಲಿ 12 ಮಾತ್ರ ಬರ್ತದೆ. ಮೋಸ ಅಲ್ವಾ ಇದು?

ರಾಘಣ್ಣ: ಪ್ಲಾನು ಬಿಟ್‌ನಲ್ಲಿ, ಸ್ಟೀಮ್ ತೋರಿಸೋದು ಬೈಟ್‌ನಲ್ಲಿ. 8 ಬಿಟ್ ಸೇರಿದ್ರೆ 1 ಬೈಟ್. 8ರಿಂದ ಭಾಗಿಸಿ, 12.5. ನಿಮಗೆ ಸರಿಯಾಗೇ ಬರ್ತಿದೆ.

ಶಿರಸಿ ಮಾಣಿ: ಜಿಟಿಎ 6 ನನ್ನ ಲ್ಯಾಪ್‌ಟಾಪಲ್ಲಿ ಓಡ್ತದಾ? 8 ಜಿಬಿ ರ್‍ಯಾಮ್.

ಹೆಡ್‌ಶಾಟ್ ಹನುಮ: ಎಲ್ಲ ಡೆವಲಪರ್‌ಗಳ ಸೋಮಾರಿತನ ಗುರು. ರೀಪ್ಯಾಕ್ ಮಾಡೋರು, ಅಂದ್ರೆ ಗೇಮನ್ನ ಹಿಂಡಿ ಮತ್ತೆ ಕಟ್ಟಿ ಹಂಚೋರು, ಅದೇ ಗೇಮನ್ನ ಅರ್ಧ ಸೈಜಿಗೆ ಇಳಿಸ್ತಾರೆ. ಒಬ್ಬನೇ ಮಾಡೋದು ಇಡೀ ಕಂಪನಿಗೆ ಯಾಕಾಗಲ್ಲ?

ರಾಘಣ್ಣ: ಹಿಂಡಿದ್ದನ್ನ ಬಿಚ್ಚೋಕೆ ನಿಮ್ಮ ಪ್ರೊಸೆಸರ್ ದುಡೀಬೇಕು. ಆ ರೀಪ್ಯಾಕ್ ಇನ್‌ಸ್ಟಾಲ್ ಆಗೋಕೆ ಎಷ್ಟು ಗಂಟೆ ತಗೊಳ್ತು ಅಂತಲೂ ಹೇಳಿ. ಉಲ್ಟಾ ಉದಾಹರಣೆನೂ ಇದೆ. 2014ರ ಟೈಟನ್‌ಫಾಲ್ ಪಿಸಿಯಲ್ಲಿ 48 ಜಿಬಿ, ಅದರಲ್ಲಿ 35 ಜಿಬಿ ಬರೀ ಸದ್ದು, ಹಿಂಡದೇ ಇಟ್ಟಿದ್ದು. ಎರಡೇ ಕೋರಿನ ಪ್ರೊಸೆಸರ್‌ಗಳಿಗೆ ಆಡುವಾಗ ಸದ್ದು ಬಿಚ್ಚೋ ಹೊರೆ ಬೇಡ ಅಂತ.

ಆದ್ರೆ ಸೋಮಾರಿತನ ಅನ್ನೋ ಮಾತು ಪೂರ್ತಿ ತಳ್ಳಿಹಾಕಲ್ಲ. ಹೆಲ್‌ಡೈವರ್ಸ್ 2 ನೋಡಿ. ಪಿಸಿಯಲ್ಲಿ 150 ಜಿಬಿ ದಾಟಿತ್ತು. ಹಾರ್ಡ್ ಡಿಸ್ಕಿನವರಿಗೆ ಲೋಡಿಂಗ್ ಬೇಗ ಆಗಲಿ ಅಂತ ಒಂದೇ ಸಾಮಾನನ್ನ ಹಲವು ಕಡೆ ನಕಲು ಮಾಡಿ ಇಟ್ಟಿದ್ರು, ಮುಳ್ಳು ಓಡಾಡೋದು ತಪ್ಪಲಿ ಅಂತ. 2025ರ ಡಿಸೆಂಬರಲ್ಲಿ ಆ ನಕಲನ್ನೆಲ್ಲ ತೆಗೆದರು, 23 ಜಿಬಿಗೆ ಇಳೀತು. ಆಮೇಲೆ ಅಳೆದು ನೋಡಿದ್ರೆ ಹಾರ್ಡ್ ಡಿಸ್ಕಲ್ಲೂ ಲೋಡಿಂಗಿಗೆ ಹೆಚ್ಚೇನೂ ಪೆಟ್ಟಿಲ್ಲ, ಹೊತ್ತು ಹೋಗ್ತಿದ್ದದ್ದು ಮ್ಯಾಪ್ ಹುಟ್ಟಿಸೋದರಲ್ಲಿ. ಮೊದಲೇ ಅಳೀಬೇಕಿತ್ತು.

ನನ್ನ ಕೈಯಲ್ಲೂ ಆಗಿದೆ. ಒಂದು ಸಲ ಮೂಟೆ ಕಟ್ಟುವಾಗ ಒಳಗಿನ ಫೈಲುಗಳ ಸಾಲು ಹಿಂದುಮುಂದಾಯ್ತು. ತುಂಡುಗಳೆಲ್ಲ ಹೊಸದು ಅಂತ ಆಗಿ 11 ಜಿಬಿ ಪ್ಯಾಚ್ ಹೋಯ್ತು. ನಿಜವಾಗಿ ಬದಲಾಗಿದ್ದು ಮೆನುವಿನ ಒಂದು ಅಕ್ಷರ.

ಹೆಡ್‌ಶಾಟ್ ಹನುಮ: ಹಾಗಾದ್ರೆ ನಾನು ಹೇಳಿದ್ದೇ ಸರಿ 😂

ಬೆಣ್ಣೆದೋಸೆ: ಏನ್ ಸರಿ? ದುಡ್ಡು ಕೊಡದೆ ಕ್ರ್ಯಾಕ್ ಆಡೋನು ಸೈಜಿನ ಬಗ್ಗೆ ಮಾತಾಡ್ತಾನೆ.

ಹೆಡ್‌ಶಾಟ್ ಹನುಮ: ನಿನ್ನ ದುಡ್ಡಲ್ಲಿ ಆಡ್ತಿದೀನಾ? ನಾಲ್ಕು ಸಾವಿರ ಕೊಟ್ಟು ಗೇಮ್ ತಗೊಳೋಕೆ ಎಲ್ರ ಮನೇಲೂ ಮರದಲ್ಲಿ ದುಡ್ಡು ಬೆಳೆಯಲ್ಲ.

ಅಡ್ಮಿನ್: ಕ್ರ್ಯಾಕ್ ಮಾತು ಇಲ್ಲಿ ಬೇಡ. ಇಬ್ಬರಿಗೂ ಹೇಳ್ತಿರೋದು.

ಧಾರವಾಡದಾಕಿ: ಸರ್ರ, ನಂದು ಹಳೇ ಲ್ಯಾಪ್‌ಟಾಪ್ ಅದರಿ, 1 ಟಿಬಿ ಹಾರ್ಡ್ ಡಿಸ್ಕ್. ಅಪ್‌ಡೇಟ್ 87%ಕ್ಕ ಬಂದು ನಿಂದರ್ತದ, 'ಡಿಸ್ಕ್ ರೈಟ್ ಎರರ್' ಅಂತದ. ಫೈಲ್ ಸರಿ ಅದಾವೋ ಇಲ್ಲೋ ನೋಡೋ ಸ್ಟೀಮಿನ ವೆರಿಫೈ ಮೂರ್ ಸಲ ಮಾಡೀನಿ, ಪ್ರತಿ ಸಲ ಬ್ಯಾರೆ ಬ್ಯಾರೆ ಫೈಲ್ ಕೆಟ್ಟಾವ ಅಂತ ತೋರಸ್ತದ. ಎರಡ್ ದಿನದಿಂದ ಒಳಗ ಕಟ್ ಕಟ್ ಸಪ್ಳ ಬ್ಯಾರೆ. ಸ್ಟೀಮ್ ತಗದು ಮತ್ತ ಹಾಕ್ಲೇನ್ರಿ?

ಕುಡ್ಲದ ಗೇಮರ್: ಸಿಎಮ್‌ಡಿ ಓಪನ್ ಮಾಡಿ, ಚೆಕ್‌ಡಿಸ್ಕ್ ಸ್ಲ್ಯಾಶ್ ಆರ್ ಹೊಡೀರಿ. ನನಗೆ ಅದ್ರಲ್ಲೇ ಸರಿ ಆಯ್ತು.

ರಾಘಣ್ಣ: ಬೇಡ! ಧಾರವಾಡದವರೇ, ಏನೂ ಹೊಡೀಬೇಡಿ, ವೆರಿಫೈ ಕೂಡ ಇನ್ನು ಮಾಡಬೇಡಿ. ಆ ಡಿಸ್ಕಲ್ಲಿ ಗೇಮ್ ಬಿಟ್ಟು ಬೇರೆ ಏನಿದೆ ಅಂತ ಮೊದಲು ಹೇಳಿ.

ಧಾರವಾಡದಾಕಿ: ನನ್ನ ಪಿಎಚ್‌ಡಿ ಥೀಸಿಸ್ ಅದರಿ. ಮತ್ತ ಅಪ್ಪಾರ ಫೋಟೋ. ಅವ್ರು ಹೋಗಿ ಒಂದ್ ವರ್ಷ ಆತು.

ರಾಘಣ್ಣ: ಬೇರೆ ಕಡೆ ಕಾಪಿ ಇಲ್ಲ ಅಂತ ತಿಳ್ಕೊಂಡು ಹೇಳ್ತೀನಿ. ಈಗ ಅಪ್‌ಡೇಟ್ ನಿಲ್ಲಿಸಿ, ಸ್ಟೀಮಿಂದ ಪೂರ್ತಿ ಹೊರಗೆ ಬನ್ನಿ. ಅದು ತಾನಾಗೇ ಮತ್ತೆ ಶುರು ಮಾಡುತ್ತೆ, ಅದಕ್ಕೆ. ಬೇರೆ ಪೆನ್‌ಡ್ರೈವೋ ಎಕ್ಸ್‌ಟರ್ನಲ್ ಡಿಸ್ಕೋ ಹಾಕಿ. ಮೊದಲು ಥೀಸಿಸ್ ಫೋಲ್ಡರ್, ಅದು ಚಿಕ್ಕದು. ಅದಾದ ಮೇಲೆ ಫೋಟೋ. ಇಡೀ ಡ್ರೈವ್ ಒಟ್ಟಿಗೆ ಹಿಡಿದು ಎಳೀಬೇಡಿ. ಯಾವುದಾದರೂ ಫೈಲಲ್ಲಿ ಸಿಕ್ಕಿಕೊಂಡ್ರೆ ಸ್ಕಿಪ್ ಕೊಟ್ಟು ಮುಂದೆ ಹೋಗಿ, ಹಟ ಹಿಡೀಬೇಡಿ.

ಅಪ್‌ಡೇಟ್ ನಿಮ್ಮ ಡಿಸ್ಕ್ ಕೆಡಿಸಿಲ್ಲ. ದಿನಾ ನೀವು ಡಿಸ್ಕಿನ ಒಂದು ಮೂಲೆ ಮಾತ್ರ ಮುಟ್ಟೋದು. ಅಪ್‌ಡೇಟ್ ಮೂಟೆ ಪೂರ್ತಿ ಓದಿ, ಎಂದೂ ಮುಟ್ಟದ ಜಾಗಕ್ಕೆ ಬರೆಯುತ್ತೆ, ಕೆಟ್ಟ ಜಾಗ ಅಲ್ಲಿ ಸಿಗುತ್ತೆ. ಓದೋಕಾಗದ ಜಾಗ ಬಂದಾಗ ಡಿಸ್ಕ್ ಮತ್ತೆ ಮತ್ತೆ ಪ್ರಯತ್ನ ಪಡುತ್ತೆ. ಟಾಸ್ಕ್ ಮ್ಯಾನೇಜರಲ್ಲಿ ಡಿಸ್ಕ್ 100%, ವೇಗ ಸೊನ್ನೆ ಕಾಣೋದು ಹಾಗೆ. ಪ್ರತಿ ಸಲ ಬೇರೆ ಫೈಲ್ ಕೆಡೋದಕ್ಕೆ ರ್‍ಯಾಮ್ ಕೂಡ ಕಾರಣ ಆಗಬಹುದು, ಆದ್ರೆ ರ್‍ಯಾಮ್ ಕಟ್ ಕಟ್ ಅನ್ನಲ್ಲ.

ಕಾಪಿ ಆದ ಮೇಲೆ ಡಿಸ್ಕಿನ ಆರೋಗ್ಯ ತೋರಿಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಹಾಕಿ. 05 (ಕೆಟ್ಟು ಬದಲಿ ಕೊಟ್ಟ ಜಾಗ) ಮತ್ತು ಸಿ5 (ಓದೋಕಾಗದೆ ಬಾಕಿ ಬಿದ್ದ ಜಾಗ) ಸಾಲುಗಳ ಕೊನೇ ಸಂಖ್ಯೆ ಕಳಿಸಿ. ಅದು ಹೆಕ್ಸ್‌ನಲ್ಲಿ, ಅಂದ್ರೆ 16ರ ಎಣಿಕೆಯಲ್ಲಿ ಇರುತ್ತೆ, ಹಾಗೇ ಕಳಿಸಿ, ನಾನು ಓದ್ಕೋತೀನಿ.

ಕುಡ್ಲದ ಗೇಮರ್: ಚೆಕ್‌ಡಿಸ್ಕ್ ಮೈಕ್ರೋಸಾಫ್ಟಿನದ್ದೇ ಅಲ್ವಾ ಸರ್. ಅದು ಹೇಗೆ ಹಾಳು ಮಾಡ್ತದೆ?

ರಾಘಣ್ಣ: ಆ ಸ್ಲ್ಯಾಶ್ ಆರ್ ಡಿಸ್ಕನ್ನ ಈ ತುದಿಯಿಂದ ಆ ತುದಿವರೆಗೆ ಓದಿಸುತ್ತೆ. ಸಾಯ್ತಿರೋ ಡಿಸ್ಕಿಗೆ ಅದು ಗಂಟೆಗಟ್ಟಲೆ ಓಟ. ಕಾಪಿ ತಗೊಂಡ ಮೇಲೆ ಏನ್ ಬೇಕಾದ್ರೂ ಮಾಡಿ. ನಿಮ್ಮ ಡಿಸ್ಕಿಗೆ ಸರಿಹೋಗಿದ್ದು ಅವರ ಡಿಸ್ಕಿಗೆ ಮದ್ದಲ್ಲ.

ಕುಡ್ಲದ ಗೇಮರ್: ಸಹಾಯ ಮಾಡ್ಲಿಕ್ಕೆ ಹೋದ್ರೆ ಬೈಗುಳ. ಆಯ್ತು ಬಿಡಿ.

ಹೆಡ್‌ಶಾಟ್ ಹನುಮ: ವಾಟ್ಸಾಪಲ್ಲಿ ಬಂದಿದ್ದು: "ವಿಂಡೋಸ್ ನಿಮ್ಮ ನೆಟ್‌ನ 20% ಕದ್ದಿಟ್ಕೊಳ್ಳುತ್ತೆ!! ಡಿಎನ್‌ಎಸ್ ಬದಲಿಸಿ, ಡಿಫೆಂಡರ್ ಆಫ್ ಮಾಡಿ, ಈ ಬ್ಯಾಟ್ ಫೈಲ್ ಓಡಿಸಿ, ಅಪ್‌ಡೇಟ್ 10 ಪಟ್ಟು ವೇಗ. 10 ಜನಕ್ಕೆ ಕಳಿಸಿ." ಇದು ನಿಜಾನಾ?

ರಾಘಣ್ಣ: ಆ 20% ಕಥೆ ಎಕ್ಸ್‌ಪಿ ಕಾಲದ್ದು. ಯಾವುದಾದರೂ ಪ್ರೋಗ್ರಾಂ ಆದ್ಯತೆ ಬೇಕು ಅಂತ ಕೇಳಿದಾಗ ಮಾತ್ರ ಅದು ಲೆಕ್ಕಕ್ಕೆ ಬರುತ್ತೆ, ಇಲ್ಲಾಂದ್ರೆ ಪೂರ್ತಿ ನಿಮ್ಮದೇ. ಡಿಎನ್‌ಎಸ್ ವಿಳಾಸ ಹುಡುಕಿಕೊಡುತ್ತೆ, ಮೂಟೆ ಹೊರಲ್ಲ. ಡಿಫೆಂಡರ್, ಅಂದ್ರೆ ವಿಂಡೋಸಿನ ವೈರಸ್ ಕಾವಲು, ಪ್ಯಾಚಿಂಗ್ ನಿಧಾನ ಮಾಡೋದು ನಿಜ, ಬೇಕಿದ್ರೆ ಸ್ಟೀಮಿನ ಗೇಮ್ ಫೋಲ್ಡರನ್ನಷ್ಟೇ ಅದರ ತಪಾಸಣೆಯಿಂದ ಹೊರಗಿಡಿ.

ಆ ಬ್ಯಾಟ್ ಫೈಲನ್ನ, ಅಂದ್ರೆ ಸಾಲು ಸಾಲಾಗಿ ಆಜ್ಞೆ ಬರೆದಿಟ್ಟ ಫೈಲನ್ನ, ನೋಟ್‌ಪ್ಯಾಡಲ್ಲಿ ತೆರೆದು ನೋಡಿದೆ. ನಾಲ್ಕನೇ ಸಾಲು ಡಿಫೆಂಡರ್ ನಿಲ್ಲಿಸುತ್ತೆ, ಐದನೇ ಸಾಲು ಎಲ್ಲಿಂದಲೋ ಇನ್ನೊಂದು ಫೈಲ್ ಇಳಿಸಿ ಓಡಿಸುತ್ತೆ. ನಿಜಾನಾ ಅಂತ ಕೇಳೋ ಮೊದಲೇ ಇಲ್ಲಿ ಹಾಕಿದ್ರಲ್ಲ. ಅಡ್ಮಿನ್, ಅಳಿಸಿ.

ಅಡ್ಮಿನ್: ಅಳಿಸಿದೆ. ಯಾರಾದ್ರೂ ಓಡಿಸಿದ್ರಾ?

ಪಬ್ ಪುಟ್ಟ: 🙋 ಹತ್ತು ನಿಮಿಷ ಹಿಂದೆ...

ರಾಘಣ್ಣ: ನೆಟ್ ಕೇಬಲ್ ಕೀಳಿ. ಬೇರೆ ಫೋನಿಂದ ಸ್ಟೀಮ್, ಮೇಲ್, ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ. ವಿಂಡೋಸ್ ಹೊಸದಾಗಿ ಹಾಕಿ.

ಶಿರಸಿ ಮಾಣಿ: ಜಿಟಿಎ 6 ಬಗ್ಗೆ ಯಾರೂ ಹೇಳಲೇ ಇಲ್ಲ.

ಮೈಸೂರ್ ಪಾಕ್: ಸರ್, 200 ಎಂಬಿಪಿಎಸ್ ಇದೆ, 24 ಬರ್ತಿದೆ, ಯಾಕೆ?

ರಾಘಣ್ಣ: 8.

ಮೈಸೂರ್ ಪಾಕ್: 8 ಅಂದ್ರೆ?

ಬೆಣ್ಣೆದೋಸೆ: ಅಣ್ಣ, ಎಸ್‌ಎಸ್‌ಡಿ ಹಾಕಿದ್ರೆ ನನ್ನ ಮುಕ್ಕಾಲು ಗಂಟೆ ಹೋಗುತ್ತಾ? ಅಗ್ಗದ್ದು ನೋಡಿಟ್ಟಿದೀನಿ.

ರಾಘಣ್ಣ: ಹೋಗುತ್ತೆ, ಅದರಲ್ಲಿ ಓಡಾಡೋ ಮುಳ್ಳೇ ಇಲ್ಲ, ಕೆಲವು ನಿಮಿಷಕ್ಕೆ ಇಳಿಯುತ್ತೆ. ಆದ್ರೆ ಅಗ್ಗದ ಕ್ಯೂಎಲ್‌ಸಿ ಡಿಸ್ಕಲ್ಲಿ (ಒಂದೊಂದು ಗೂಡಲ್ಲಿ ನಾಲ್ಕು ಬಿಟ್ ತುರುಕೋ ಬಗೆ) ವೇಗದ ಭಾಗ ಸ್ವಲ್ಪವೇ. ಅದು ತುಂಬಿದ ಮೇಲೆ ಕೆಲವು ಹಾರ್ಡ್ ಡಿಸ್ಕಿಗಿಂತ ಮೆತ್ತಗೆ. ಡಿಸ್ಕ್ ತುಂಬಿದಷ್ಟೂ ಆ ಭಾಗ ಇನ್ನೂ ಕಮ್ಮಿ. ಕಾಲು ಭಾಗ ಖಾಲಿ ಬಿಡಿ.

ಧಾರವಾಡದಾಕಿ: ಸರ್ರ, ಥೀಸಿಸ್ ಬಂತ್ರಿ, ತಗದು ನೋಡಿದ್ನಿ, ಛಲೋ ಅದ. 05 ಸಾಲು ಸೊನ್ನಿ, ಸಿ5 ದಾಗ 58 ಅಂತ ಅದ. ಫೋಟೋ ಅರ್ಧ ಆಗ್ಯಾವ, ಈಗ ಒಂದ್ ಫೋಲ್ಡರ್‌ದಾಗ ಸಿಕ್ಕೊಂಡದ. ನಮ್ಮ ತಮ್ಮ ಡಿಸ್ಕ್ ಪ್ಲಾಸ್ಟಿಕ್‌ನ್ಯಾಗ ಸುತ್ತಿ ಫ್ರೀಜರ್‌ದಾಗ ಇಡು ಅನ್ಲಿಕ್ಕತ್ಯಾನ.

ರಾಘಣ್ಣ: 58 ಹೆಕ್ಸ್ ಅಂದ್ರೆ 88 ಜಾಗ ಓದೋಕಾಗದೆ ಬಾಕಿ ಬಿದ್ದಿವೆ. ಫ್ರೀಜರ್ ಬೇಡವೇ ಬೇಡ, ತೆಗೆದ ತಕ್ಷಣ ಒಳಗೆ ನೀರ ಹನಿ ಕೂರುತ್ತೆ. ತಮ್ಮನಿಗೆ ಫೋನ್ ಕೊಡಬೇಡಿ ಇವತ್ತು. ಆ ಫೋಲ್ಡರ್ ಬಿಟ್ಟು ಉಳಿದ ಫೋಟೋ ಮೊದಲು ತಗೊಳ್ಳಿ. ಸಪ್ಪಳ ಜೋರಾದ್ರೆ ಲ್ಯಾಪ್‌ಟಾಪ್ ಆಫ್ ಮಾಡಿ ಹಾಗೇ ಇಡಿ, ಉಳಿದದ್ದನ್ನ ಡೇಟಾ ರಿಕವರಿಯವರ ಹತ್ರ ತೆಗೆಸೋಣ. ನಾನು 11ಕ್ಕೆ ಹೋಗಲ್ಲ, ಮುಗಿಯೋವರೆಗೂ ಇಲ್ಲೇ ಇರ್ತೀನಿ.

ಧಾರವಾಡದಾಕಿ: ಹೂಂ ರಿ. ಮುಂದಿನ ಫೋಲ್ಡರ್ ಹಚ್ಚೀನಿ.