ವಕೀಲರನ್ನು ಕೇಳಿ: ಅಮೆರಿಕದಲ್ಲಿ ಕೆಲಸದ ತಾರತಮ್ಯದ ಕೇಸು, ಸೆಟ್ಲ್‌ಮೆಂಟ್

ರೇಖಾ: ಮೇಡಂ, ಅಕ್ಕನ ಕೇಸು ಕ್ಯಾಲಿಫೋರ್ನಿಯಾ ಸ್ಟೇಟ್ ಕೋರ್ಟಲ್ಲಿದೆ. ವಯಸ್ಸು 41. ಬಸುರಿ ಅಂತ ಪ್ರಾಜೆಕ್ಟ್‌ನಿಂದ ತೆಗೆದರು, ಎಚ್‌ಆರ್‌ಗೆ ದೂರು ಕೊಟ್ಟ ಮೇಲೆ ಪಿಐಪಿ (ಕೆಲಸ ಸುಧಾರಿಸಿಕೊಳ್ಳಿ ಅನ್ನೋ ಗಡುವಿನ ಎಚ್ಚರಿಕೆ), ಆಮೇಲೆ ಟರ್ಮಿನೇಷನ್. ಮೀಡಿಯೇಷನ್‌ನಲ್ಲಿ 1,80,000 ಡಾಲರಿಗೆ ಒಪ್ಪಿಗೆಯಾಗಿದೆ, ವಕೀಲರ ಪಾಲು ಶೇ. 40. ಕರಾರಿನ ಕರಡಿನಲ್ಲಿ ಪೂರ್ತಿ ಹಣ 1099ರಲ್ಲಿ (ತೆರಿಗೆ ಮುರಿಯದೆ ಕೊಡುವ ಹಣದ ಫಾರಂ). ಶುಕ್ರವಾರವೇ ಸಹಿ ಹಾಕಿ ಅಂತಾರೆ.

ವಕೀಲೆ ಮಾಲಿನಿ: ಮೊತ್ತಕ್ಕಿಂತ ಕರಡೇ ನನಗೆ ಚಿಂತೆ. 40 ತುಂಬಿದವರು ವಯಸ್ಸಿನ ತಾರತಮ್ಯಕ್ಕೆ ದಾವೆ ಹೂಡುವ ಹಕ್ಕನ್ನೂ ಬಿಟ್ಟುಕೊಡುವ ಕರಾರಾದರೆ, ದಾವೆಯಲ್ಲಿ ವಯಸ್ಸಿನ ಆರೋಪವೇ ಇಲ್ಲದಿದ್ದಾಗ, ಓದಲು 21 ದಿನ, ಸಹಿಯ ನಂತರ ಹಿಂತೆಗೆಯಲು 7 ದಿನ ಕೊಡಲೇಬೇಕು. ಅಕ್ಕ ಬಯಸಿದರೆ 21 ಮುಗಿಯುವ ಮೊದಲೇ ಸಹಿ ಹಾಕಬಹುದು. ಆ 7ನ್ನು ಮಾತ್ರ ಯಾರೂ ಕತ್ತರಿಸುವಂತಿಲ್ಲ.

ಕಳೆದುಕೊಂಡ ಸಂಬಳವನ್ನೂ 1099ಕ್ಕೆ ತುರುಕಿದರೆ ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ ಕೆದಕುತ್ತೆ. ಮೂರು ಚೆಕ್ ಕೇಳಿ: ಸಂಬಳದ ಭಾಗಕ್ಕೆ ಡಬ್ಲ್ಯು-2 (ತೆರಿಗೆ ಮುರಿದು ಕೊಡುವ ಸಂಬಳದ ಫಾರಂ), ಮಾನಸಿಕ ಯಾತನೆಗೆ 1099, ವಕೀಲರ 72,000 ಬೇರೆ. ಆ 72,000 ಕೂಡ ಅಕ್ಕನ ಆದಾಯಕ್ಕೇ ಸೇರುತ್ತೆ. ತಾರತಮ್ಯದ ಕೇಸಾದ್ದರಿಂದ ತೆರಿಗೆ ರಿಟರ್ನಿನ ಶೆಡ್ಯೂಲ್ 1ರಲ್ಲಿ ಕಳೆಯಬಹುದು. ಮರೆತರೆ ಕೈಗೇ ಬಾರದ ದುಡ್ಡಿಗೆ ತೆರಿಗೆ.

'ಮತ್ತೆ ಇಲ್ಲಿ ಕೆಲಸಕ್ಕೆ ಅರ್ಜಿ ಹಾಕುವಂತಿಲ್ಲ' ಅನ್ನೋ ಸಾಲಿದ್ದರೆ ಹೊಡೆದುಹಾಕಿಸಿ; ಇಂಥ ಕೇಸಲ್ಲಿ ಕ್ಯಾಲಿಫೋರ್ನಿಯಾ ಅದನ್ನು 2020ರಿಂದ ಒಪ್ಪಲ್ಲ. ಮೊತ್ತ ಗುಟ್ಟಾಗಿರಲಿ. ನಡೆದ ತಾರತಮ್ಯದ ಬಗ್ಗೆಯೇ ಬಾಯಿ ಮುಚ್ಚಿಸುವ ಷರತ್ತು 2022ರಿಂದ ನಡೆಯಲ್ಲ. ಚೆಕ್ ಪಾಸಾದ ಮೇಲಷ್ಟೇ ದಾವೆ ವಾಪಸ್. ಹಣ ತಪ್ಪಿದರೆ ಅದೇ ಕೋರ್ಟು ಜಾರಿ ಮಾಡಿಸಲಿ ಅನ್ನೋ ಸೆಕ್ಷನ್ 664.6ರ (ಕ್ಯಾಲಿಫೋರ್ನಿಯಾದ ಸಿವಿಲ್ ಪ್ರಕ್ರಿಯಾ ಸಂಹಿತೆ) ಸಾಲು ಬಿಡಬೇಡಿ.

ಪ್ರಶಾಂತ್: ಫಾರ್ವರ್ಡ್ ಬಂದಿದೆ ನೋಡಿ: 'ಮಾನಸಿಕ ಯಾತನೆ ಅಂತ ಬರೆಸಿದರೆ ತೆರಿಗೆ ಸೊನ್ನೆ. ಮ್ಯಾನೇಜರ್ ಮಾತು ಗುಟ್ಟಾಗಿ ರೆಕಾರ್ಡ್ ಮಾಡಿ. ಕಂಪನಿ ಫೈಲೆಲ್ಲ ಜಿಮೇಲ್‌ಗೆ ಕಳಿಸ್ಕೊಳ್ಳಿ.'

ಮಾಲಿನಿ: ಮೂರೂ ತಪ್ಪು, ದಯವಿಟ್ಟು ಹಂಚಬೇಡಿ. ತೆರಿಗೆ ವಿನಾಯಿತಿ ದೇಹದ ಗಾಯ, ಕಾಯಿಲೆಯ ಪರಿಹಾರಕ್ಕೆ ಮಾತ್ರ. ಒಪ್ಪಿಗೆಯಿಲ್ಲದೆ ಖಾಸಗಿ ಮಾತು ರೆಕಾರ್ಡ್ ಮಾಡೋದು ಕ್ಯಾಲಿಫೋರ್ನಿಯಾದಲ್ಲಿ ಅಪರಾಧ. ಗೋಪ್ಯ ಫೈಲ್ ಸಾಗಿಸಿದ್ದು ಸಿಕ್ಕಿಬಿದ್ದರೆ 'ಇದೊಂದಕ್ಕೇ ತೆಗೆದುಹಾಕ್ತಿದ್ವಿ' ಅಂತ ಕಂಪನಿ ವಾದಿಸುತ್ತೆ, ಸಂಬಳದ ಬಾಕಿಗೆ ಕತ್ತರಿ ಬೀಳುತ್ತೆ. ಯಾವತ್ತು, ಯಾರು, ಏನಂದರು, ಯಾರೆದುರು: ಸ್ವಂತ ನೋಟ್‌ಬುಕ್ಕಲ್ಲಿ ಅವತ್ತೇ ಬರೆದಿಡಿ.

ಕಿರಣ್: ಎಚ್-1ಬಿ ಕೆಲಸದ ವೀಸಾ ಇದ್ದರೆ ಕೇಸು ಮುಗಿಯೋವರೆಗೂ ಅಲ್ಲೇ ಇರಬಹುದಾ?

ಮಾಲಿನಿ: ಇಲ್ಲ. ಕೆಲಸ ನಿಂತ ಮೇಲೆ ಹೆಚ್ಚೆಂದರೆ 60 ದಿನ. ಐ-94 (ಅಲ್ಲಿರಲು ಕೊಟ್ಟ ಅವಧಿಯ ದಾಖಲೆ) ಮೊದಲೇ ಮುಗಿದರೆ ಅಲ್ಲಿಗೇ ಮುಗೀತು.

ಸವಿತಾ: ಟೆಕ್ಸಾಸ್‌ನಲ್ಲಿ ಇಇಒಸಿಗೆ (ಕೆಲಸದ ತಾರತಮ್ಯದ ದೂರು ನೋಡುವ ಕೇಂದ್ರ ಸಂಸ್ಥೆ) ಎಷ್ಟು ದಿನದೊಳಗೆ ದೂರು?

ಮಾಲಿನಿ: 300. ದಾವೆಗೆ ಅನುಮತಿ ನೋಟಿಸ್ ಬಂದ ಮೇಲೆ 90.

ನಾಗರಾಜ್: ಜಾತಿ ತಾರತಮ್ಯಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಕಾನೂನೇ ಇಲ್ಲ. 2023ರಲ್ಲಿ ಗವರ್ನರ್ ನ್ಯೂಸಮ್ ಜಾತಿ ತಾರತಮ್ಯ ನಿಷೇಧದ ಮಸೂದೆ ಎಸ್‌ಬಿ 403 ವೀಟೋ ಮಾಡಿದರಲ್ಲ.

ಶಶಿಕಲಾ: ವೀಟೋ ಪತ್ರ ಓದಿದ್ದೀರಾ? ಇರುವ ಕಾನೂನಲ್ಲೇ ನಿಷೇಧವಿದೆ, ಮಸೂದೆ ಅನಗತ್ಯ ಅಂದರು. ಸಿಯಾಟಲ್ ಅದೇ ವರ್ಷ ಹೆಸರು ಹಿಡಿದೇ ನಿಷೇಧಿಸಿತು.

ನಾಗರಾಜ್: ಸಿಯಾಟಲ್ ಕ್ಯಾಲಿಫೋರ್ನಿಯಾದಲ್ಲಿದೆಯೇನ್ರೀ?

ಶಶಿಕಲಾ: ಭೂಗೋಳ ಗೊತ್ತಿದೆ, ಓದೋದು ಮಾತ್ರ ಬೇಡ ನಿಮಗೆ.

ಮಾಲಿನಿ: ಶಶಿಕಲಾ ಹೇಳಿದ್ದು ಸರಿ, ವಂಶಮೂಲದ ಆಧಾರದಲ್ಲಿ ದೂರು ಹಾಕಬಹುದು. ಜಗಳ ಬೇರೆ ಕಡೆ ಆಡಿ.

ರವಿ: ಟೆಕ್ಸಾಸ್ 180 ದಿನ ಅಲ್ವಾ ಮೇಡಂ?

ಮಾಲಿನಿ: ಅದು ರಾಜ್ಯದ ಸಂಸ್ಥೆಗೆ. ಮೇಲೆ ಓದಿ.

ಪ್ರಶಾಂತ್: ಕಂಪನಿ ರೆಫರೆನ್ಸ್ ಪತ್ರ ಕೊಡಲ್ಲ ಅಂತಿದೆ. ಕರಾರಲ್ಲಿ ಹೇಗೆ ಸೇರಿಸೋದು?

ನಾಗರಾಜ್: ಓದೋದು ಬೇಡ ಅಂದಿದ್ದಕ್ಕೆ ಅಡ್ಮಿನ್ ಏನೂ ಹೇಳಲ್ವಾ?