ನಿವಾಸಿಗಳೇ ನಡೆಸುವ ಕ್ರೀಡಾ ಕೇಂದ್ರ: ಮಾಡಿ ನೋಡಿದವರು ಹೇಳಿ

ಪ್ರಶ್ನೆ: ಖಾಲಿ ಬಿದ್ದಿರುವ ಒಂದು ಹಾಲ್, ಪಕ್ಕದಲ್ಲಿ ಸಣ್ಣ ಮೈದಾನ. ಅಕ್ಕಪಕ್ಕದವರೆಲ್ಲ ಸೇರಿ ಅದನ್ನು ಕ್ರೀಡಾ ಕೇಂದ್ರ ಮಾಡಲು ಹೊರಟಿದ್ದೇವೆ. ಹಿರಿಯರು, ವಿಕಲಚೇತನರು, ಹೆಂಗಸರು, ಜನ್ಮದಲ್ಲಿ ಬ್ಯಾಟ್ ಹಿಡಿಯದವರು, ಎಲ್ಲರೂ ಬರುವಂತಿರಬೇಕು. ಸದ್ಯ ನಕ್ಷೆ ಮಾಡಿಸುತ್ತಿದ್ದೇವೆ. ಅನುಭವ ಇದ್ದವರು ಸಲಹೆ ಕೊಡಿ.

ಉತ್ತರ: ನಕ್ಷೆ ಸ್ವಲ್ಪ ಬದಿಗಿಡಿ, ಮೊದಲು ವೇಳಾಪಟ್ಟಿ ಬರೆಯಿರಿ. ತಮಾಷೆಗೆ ಹೇಳುತ್ತಿಲ್ಲ. ನಮ್ಮ ಕೇಂದ್ರದಲ್ಲಿ ಯಾರಿಗೂ "ಬರಬೇಡಿ" ಅಂತ ಯಾರೂ ಹೇಳಿರಲಿಲ್ಲ. ಆದರೆ ಬಾಗಿಲಿಗೆ ಅಂಟಿಸಿದ್ದ ಪಟ್ಟಿಯಲ್ಲಿ ಸಂಜೆ ಆರರಿಂದ ಒಂಬತ್ತರವರೆಗೆ, ಸೋಮವಾರದಿಂದ ಭಾನುವಾರದವರೆಗೆ, ಒಂದೇ ಕೈಬರಹ, ಒಂದೇ ನೀಲಿ ಪೆನ್ನು. ಬ್ಯಾಡ್ಮಿಂಟನ್ ಗುಂಪಿನವರದ್ದು. ಅವರು ಕೆಟ್ಟವರೇನಲ್ಲ, ಮೊದಲ ದಿನದಿಂದ ಓಡಾಡಿದವರೂ ಅವರೇ, ಬೀಗದ ಕೈ ಇದ್ದದ್ದೂ ಅವರ ಹತ್ತಿರವೇ. ಉಳಿದವರಿಗೆ ಸಿಕ್ಕಿದ್ದು ಮಧ್ಯಾಹ್ನ ಎರಡು ಗಂಟೆ. ಆ ಹೊತ್ತಿಗೆ ಯಾರು ಬರುತ್ತಾರೆ ಹೇಳಿ?

ಆಮೇಲೆ ಎರಡು ನಿಯಮ ಮಾಡಿದೆವು. ಬುಕಿಂಗ್ ತಾನಾಗಿಯೇ ಮುಂದಿನ ತಿಂಗಳಿಗೆ ದಾಟಬಾರದು, ಪ್ರತಿ ತಿಂಗಳೂ ಪಟ್ಟಿ ಹೊಸದಾಗಿ ಶುರುವಾಗಬೇಕು. ಮತ್ತೆ, ಸಂಜೆಯ ಮೂರರಲ್ಲಿ ಒಂದು ಭಾಗವನ್ನು ಯಾವ ಗುಂಪಿಗೂ ಕೊಡಬಾರದು, ಅದು ಹೊಸಬರಿಗೆ, ಒಂಟಿಯಾಗಿ ಬರುವವರಿಗೆ. ಬೀಗದ ಕೈ ಬೇರೆ ಬೇರೆ ಮನೆಗಳಲ್ಲಿಟ್ಟೆವು.

ಇನ್ನೊಂದು ವಿಷಯ. "ನಿಮಗೆ ಏನು ಬೇಕು?" ಅಂತ ಕೇಳಿದರೆ ಜನ ಸುಮ್ನೆ "ಎಲ್ಲಾ ಚೆನ್ನಾಗಿದೆ" ಅನ್ನುತ್ತಾರೆ. "ಯಾಕೆ ಬರುತ್ತಿಲ್ಲ?" ಅಂತ ಕೇಳಿ, ಆಗ ಬಾಯಿ ಬಿಡುತ್ತಾರೆ. ಬರುವ ದಾರಿಯಲ್ಲಿ ದೀಪ ಇಲ್ಲ. ಶೌಚಾಲಯದ ಚಿಲಕ ಸರಿಯಿಲ್ಲ. ಮಗುವನ್ನು ಯಾರ ಹತ್ತಿರ ಬಿಡೋದು? ಆಡಲು ಬರಲ್ಲ, ಎಲ್ಲರೂ ನೋಡುತ್ತಾರೆ, ನಾಚಿಕೆ. ಇವುಗಳಲ್ಲಿ ಒಂದಕ್ಕೂ ಹೊಸ ಕಟ್ಟಡ ಬೇಕಿರಲಿಲ್ಲ. ಇದನ್ನು ಸಭೆಯಲ್ಲಿ ಕೇಳಬೇಡಿ, ಸಭೆಗೆ ಬರುವವರು ಹೇಗಿದ್ದರೂ ಕೇಂದ್ರಕ್ಕೂ ಬರುವವರೇ. ಮನೆ ಬಾಗಿಲಿಗೇ ಹೋಗಿ.

ಉತ್ತರ: ನಾನು ಗಾಲಿಕುರ್ಚಿಯಲ್ಲಿ ಓಡಾಡುವವನು. ವೇಳಾಪಟ್ಟಿ ಮಾತು ನೂರಕ್ಕೆ ನೂರು ಸರಿ, ಆದರೆ ನಕ್ಷೆಯನ್ನು ಪೂರ್ತಿ ಬದಿಗಿಡಬೇಡಿ ಮಾರಾಯ್ರೇ, ಆಮೇಲೆ ಗೋಡೆ ಒಡೆಯಬೇಕಾಗುತ್ತದೆ. ಇಳಿಜಾರು ಸಾಮಾನ್ಯವಾಗಿ 1:12 ಇರಬೇಕು ಅನ್ನುತ್ತಾರೆ, ಅಂದರೆ ಮೆಟ್ಟಿಲ ಎತ್ತರ 45 ಸೆಂಟಿಮೀಟರ್ ಇದ್ದರೆ ರ್‍ಯಾಂಪ್ 5.4 ಮೀಟರ್ ಉದ್ದ ಬೇಕು. ಜಾಗ ಇಲ್ಲ ಅಂತ ಎರಡು ಮೀಟರ್‌ನಲ್ಲಿ ಮುಗಿಸಿರುವುದನ್ನು ಬೇಕಾದಷ್ಟು ನೋಡಿದ್ದೇನೆ. ಅದು ರ್‍ಯಾಂಪ್ ಅಲ್ಲ, ಜಾರುಬಂಡೆ. ಬಾಗಿಲು 90 ಸೆಂಟಿಮೀಟರ್ ಅಗಲ ಇರಲಿ, ಒಳಗೆ ಕುರ್ಚಿ ತಿರುಗಲು ಒಂದೂವರೆ ಮೀಟರ್ ಜಾಗ ಇರಲಿ, ಶೌಚಾಲಯದ ಬಾಗಿಲು ಹೊರಕ್ಕೆ ತೆರೆಯಲಿ. ಒಳಕ್ಕೆ ತೆರೆದರೆ ನಾನು ಒಳಗೆ ಹೋದ ಮೇಲೆ ಬಾಗಿಲು ಹಾಕಲು ಆಗುವುದೇ ಇಲ್ಲ.

ಆಟಕ್ಕೆ ಹೊಸ ಅಂಕಣ ಬೇಡ. ಬ್ಯಾಡ್ಮಿಂಟನ್ ಅಂಕಣ 13.4 ಮೀಟರ್ ಉದ್ದ, 6.1 ಮೀಟರ್ ಅಗಲ. ಕೈಕಾಲಿನ ಹಿಡಿತ ಕಡಿಮೆ ಇರುವವರು ಆಡುವ ಬೋಚಿಯಾಗೆ 12.5 ಮತ್ತು 6. ಕೂತು ಆಡುವ ವಾಲಿಬಾಲ್‌ಗೆ 10 ಮತ್ತು 6. ಎರಡೂ ಅದರೊಳಗೇ ಹಿಡಿಯುತ್ತವೆ, ಬಣ್ಣದ ಟೇಪ್ ಅಂಟಿಸಿದರೆ ಸಾಕು. ದೃಷ್ಟಿ ಇಲ್ಲದವರ ಗೋಲ್‌ಬಾಲ್ ಅಂಕಣ 18 ಮತ್ತು 9, ಅಂದರೆ ವಾಲಿಬಾಲ್ ಅಂಕಣದಷ್ಟೇ. ಗೆರೆಯ ಟೇಪಿನ ಕೆಳಗೆ ದಾರ ಇಡುತ್ತಾರೆ, ಆಡುವವರು ಬೆರಳಿನಿಂದ ಮುಟ್ಟಿ ತಾವು ಎಲ್ಲಿದ್ದೇವೆ ಅಂತ ತಿಳಿದುಕೊಳ್ಳುತ್ತಾರೆ. ಚೆಂಡಿನೊಳಗೆ ಗೆಜ್ಜೆ ಇರುತ್ತದೆ, ಅದರ ಸದ್ದು ಕೇಳಬೇಕು. ಹಾಗಾಗಿ ಅದೇ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು ಆಟ ಇಟ್ಟರೆ ಕೆಲಸ ಕೆಟ್ಟಿತು. ನೋಡಿ, ಮತ್ತೆ ವೇಳಾಪಟ್ಟಿಗೇ ಬಂದೆವು.

ದಯವಿಟ್ಟು "ವಿಕಲಚೇತನರ ದಿನ" ಅಂತ ವಾರಕ್ಕೊಂದು ದಿನ ಮಾಡಿ ಕೈತೊಳೆದುಕೊಳ್ಳಬೇಡಿ. ನನಗೆ ಪಕ್ಕದ ಮನೆಯವರ ಜೊತೆ ಆಡಬೇಕು. ಟೆನಿಸ್‌ನಲ್ಲಿ ಇದಕ್ಕೆ ನಿಯಮವೇ ಇದೆ: ಗಾಲಿಕುರ್ಚಿಯವರಿಗೆ ಚೆಂಡು ಎರಡು ಸಲ ಪುಟಿಯಬಹುದು, ಜೊತೆಗೆ ನಿಂತು ಆಡುವವರಿಗೆ ಒಂದೇ ಸಲ.

ಉತ್ತರ: ನಾನು ಲೆಕ್ಕ ನೋಡಿಕೊಳ್ಳುತ್ತಿದ್ದವಳು, ಚಿಕ್ಕದಾಗಿ ಹೇಳುತ್ತೇನೆ. ಹಾಲ್ ಯಾರದ್ದು? ಎಷ್ಟು ವರ್ಷಕ್ಕೆ ಕೊಟ್ಟಿದ್ದಾರೆ? ಚಾವಣಿ ಸೋರಿದರೆ ಯಾರ ಖರ್ಚು? ಕಾಗದದ ಮೇಲೆ ಬರುವವರೆಗೂ ನೆಲಕ್ಕೆ ದುಡ್ಡು ಸುರಿಯಬೇಡಿ. ಕಟ್ಟಲು ದಾನ ಕೊಡುವವರು ಸಿಗುತ್ತಾರೆ, ಕರೆಂಟ್ ಬಿಲ್ಲಿಗೂ ಗುಡಿಸುವವರ ಸಂಬಳಕ್ಕೂ ಯಾರೂ ಕೊಡಲ್ಲ, ಅದು ಚಂದಾದಿಂದಲೇ ಬರಬೇಕು. ಯಾರಿಗೆ ರಿಯಾಯಿತಿ ಅನ್ನುವ ಹೆಸರುಗಳನ್ನು ಮಾತ್ರ ಬೋರ್ಡಿಗೆ ಹಾಕಬೇಡಿ, ಹಾಕಿದ ದಿನದಿಂದ ಅವರು ಬರುವುದು ನಿಲ್ಲಿಸುತ್ತಾರೆ.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರ. ಮೊದಲು ಉತ್ತರಿಸಿದವರಿಗೆ ಒಂದು ಮಾತು. ಸಂಜೆ ಹೊತ್ತು ಬಿಟ್ಟುಕೊಡಲು ಬ್ಯಾಡ್ಮಿಂಟನ್‌ನವರು ಒಪ್ಪಿದರಾ?

ಉತ್ತರ: ಎಲ್ಲಿ ಒಪ್ಪುತ್ತಾರೆ! ದೊಡ್ಡ ಜಗಳವೇ ಆಯಿತು. ಕೆಲವರು ಬಿಟ್ಟು ಹೋದರು, ಅವರ ಚಂದಾ ಕೂಡ ಹೋಯಿತು. ಸ್ವಲ್ಪ ಕಾಲ ಕೈ ಕಚ್ಚಿತು. ಆಮೇಲೆ ಹಿರಿಯರ ಬೆಳಗಿನ ಗುಂಪು ಬೆಳೆದು ಲೆಕ್ಕ ಸರಿಹೋಯಿತು. ಉಳಿದ ಆಟಗಾರರಲ್ಲಿ ಇಬ್ಬರು ಈಗ ಹೊಸಬರಿಗೆ ಕಲಿಸುತ್ತಾರೆ, ಇನ್ನೊಬ್ಬರು ಇವತ್ತಿಗೂ ನನ್ನ ಜೊತೆ ಮಾತಾಡಲ್ಲ.